ಕರೆದಾಗ ಓಗೊಡುವ ಆಳು

ಹತ್ತು ಮಂದಿ ಕೂಡಿ ಕೆಲಸಮಾಡುವ ಕಡೆಗಳಲ್ಲೆಲ್ಲ ಇಂದು ಒಂದು ಸಂದೇಶದ ಗುಂಪು ಹುಟ್ಟಿಕೊಳ್ಳುತ್ತದೆ. ಕಾಲೇಜಿನ ಪ್ರಾಜೆಕ್ಟು ತಂಡವಾಗಲಿ, ವಿಜ್ಞಾನ ಸಂಘವಾಗಲಿ, ಸಾವಿರ ನೌಕರರಿರುವ ಕಂಪನಿಯಾಗಲಿ, ಮಾತುಕತೆಯ ಬಹುಭಾಗ ನಡೆಯುವುದು ಟೆಲಿಗ್ರಾಮ್, ಸ್ಲ್ಯಾಕ್ ಮುಂತಾದ ಸಾಧನಗಳ ಮೂಲಕ. ಇಂಥ ಗುಂಪಿನ ಸದಸ್ಯರ ಪಟ್ಟಿಯನ್ನು ನೋಡಿದರೆ ಮನುಷ್ಯನಲ್ಲದ ಸದಸ್ಯನೊಬ್ಬನೂ ಅದರಲ್ಲಿ ಇರುವುದು ಒಮ್ಮೊಮ್ಮೆ ಕಂಡುಬರುತ್ತದೆ. ನಾಳೆಯ ಪಾಠಗಳ ವೇಳಾಪಟ್ಟಿ ಬೇಕೆಂದು ಯಾರಾದರೂ ಒಂದು ಆಜ್ಞೆಯನ್ನು ಬರೆದರೆ ಅದು ಕ್ಷಣಾರ್ಧದಲ್ಲಿ ಪಟ್ಟಿಯನ್ನು ಎಲ್ಲರ ಮುಂದೆ ಇಡುತ್ತದೆ. ಇದಕ್ಕೆ ಬಾಟ್ ಎಂದು ಹೆಸರು. 'ರೋಬಾಟ್' ಎಂಬ ಶಬ್ದದ ಬಾಲವೇ ಈ 'ಬಾಟ್'. ಕಾರೆಲ್ ಚಾಪೆಕ್ ಎಂಬ ಝೆಕ್ ಲೇಖಕನು 1920ರಲ್ಲಿ ಪ್ರಕಟಿಸಿದ ನಾಟಕವೊಂದರಿಂದ ಆ ಶಬ್ದ ಲೋಕಕ್ಕೆ ಪರಿಚಯವಾಯಿತು. ಅದರ ಮೂಲವಾದ ಝೆಕ್ ಪದಕ್ಕೆ ಒಡೆಯನ ಹೊಲದಲ್ಲಿ ಕೂಲಿಯಿಲ್ಲದೆ ಮಾಡುವ ದುಡಿಮೆ ಎಂದು ಅರ್ಥ. ನಮ್ಮ ಹಿರಿಯರು 'ಬಿಟ್ಟಿ' ಎಂದು ಕರೆಯುತ್ತಿದ್ದುದು ಇದನ್ನೇ.

ಬಾಟ್ ಒಂದನ್ನು ಗುಂಪಿಗೆ ತಂದು ನಿಲ್ಲಿಸುವುದು ಈಗ ಕಷ್ಟದ ಕೆಲಸವಾಗಿ ಉಳಿದಿಲ್ಲ. ಪೈಥಾನ್ ಭಾಷೆಯ ಮೊದಲ ಪಾಠಗಳನ್ನು ಮುಗಿಸಿದ ವಿದ್ಯಾರ್ಥಿಯೂ ಒಂದು ಭಾನುವಾರ ಕುಳಿತು ಇದನ್ನು ಸಾಧಿಸಬಹುದು. ಕೆಲಸ ಇಷ್ಟು ಸುಲಭವಾದುದರಿಂದಲೇ ಅದಕ್ಕೆ ಮುಂಚೆ ಕೇಳಬೇಕಾದ ಪ್ರಶ್ನೆಗಳನ್ನು ನಮ್ಮ ತರುಣರು ಕೇಳುತ್ತಿಲ್ಲವೆಂದು ನನಗೆ ತೋರುತ್ತದೆ. ಈ ಆಳು ಏನನ್ನು ಕೇಳಿಸಿಕೊಳ್ಳಬಹುದು? ಅದರ ಕೈಗೆ ಯಾವ ಬೀಗದ ಕೈಗಳನ್ನು ಕೊಡಬಹುದು? ಅದು ತಪ್ಪಿದರೆ ಉತ್ತರ ಹೇಳುವವರು ಯಾರು? ಗುಂಪಿನ ಬಾಟ್ ಕರೆದಾಗ ಮಾತ್ರ ಓಗೊಡಬೇಕು, ಮಾಡುವುದನ್ನು ಎಲ್ಲರ ಕಣ್ಣೆದುರಿನಲ್ಲಿಯೇ ಮಾಡಬೇಕು, ಅದರ ಅಧಿಕಾರ ಅದರ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಇರಬೇಕು ಎಂಬುದು ನನ್ನ ಅಭಿಪ್ರಾಯ. ಇದು ಹಳೆಯ ಕಾಲದ ಸಂಕೋಚವೆಂದು ನಗುವವರುಂಟು. ಅವರ ವಾದವನ್ನೂ ಮುಂದೆ ನೋಡೋಣ.

ಬಾಟ್ ನಿನ್ನೆ ಮೊನ್ನೆ ಹುಟ್ಟಿದುದಲ್ಲ. 1988ರಲ್ಲಿ ಫಿನ್ಲೆಂಡಿನ ಊಲು ವಿಶ್ವವಿದ್ಯಾನಿಲಯದಲ್ಲಿ ಯಾರ್ಕೋ ಓಯ್ಕರಿನೆನ್ ಎಂಬಾತನು ಐ.ಆರ್.ಸಿ. ಎಂಬ ಸಂಭಾಷಣೆಯ ವ್ಯವಸ್ಥೆಯನ್ನು ರಚಿಸಿದನು. ಅಲ್ಲಿ ಒಂದೊಂದು ವಿಷಯಕ್ಕೆ ಒಂದೊಂದು ಕೋಣೆ. ಇದ್ದವರೆಲ್ಲ ಹೊರಟುಹೋದರೆ ಕೋಣೆಯೂ ಇಲ್ಲವಾಗುತ್ತಿತ್ತು. ಮತ್ತೆ ಮೊದಲು ಬಂದವನೇ ಅದರ ಯಜಮಾನ. ಆದಕಾರಣ ಹಗಲಿರುಳು ಅಲ್ಲಿ ಕುಳಿತು ಯಜಮಾನಿಕೆಯನ್ನು ಕಾಯಲು ನಿದ್ರೆಯಿಲ್ಲದ ಕಾವಲುಗಾರ ಬೇಕಾಯಿತು. 1993ರಲ್ಲಿ ಬಂದ ಎಗ್‌ಡ್ರಾಪ್ ಎಂಬ ಬಾಟ್ ಈ ಕಾವಲಿಗೆ ಹೆಸರಾಯಿತು. ಅದೇ ವರ್ಷ ಪ್ರಕಟವಾದ ಐ.ಆರ್.ಸಿ.ಯ ನಿಯಮಾವಳಿಯಲ್ಲಿ ಒಂದು ಸೊಗಸಾದ ಕಟ್ಟಳೆಯಿದೆ. ಸಂದೇಶಗಳಲ್ಲಿ 'ನೋಟೀಸ್' ಎಂಬ ಒಂದು ಬಗೆಯುಂಟು. ಅದಕ್ಕೆ ಯಾವ ಪ್ರೋಗ್ರಾಮೂ ತಾನಾಗಿ ಉತ್ತರ ಕೊಡಕೂಡದು. ಇದು ಏಕೆಂದು ಓದುಗರು ಊಹಿಸಬಲ್ಲರು. ಒಂದು ಬಾಟ್ ಆಡಿದ ಮಾತಿಗೆ ಇನ್ನೊಂದು ಬಾಟ್ ಉತ್ತರ ಕೊಟ್ಟರೆ, ಅದಕ್ಕೆ ಮೊದಲನೆಯದು ಮರುತ್ತರ ಕೊಟ್ಟರೆ, ಆ ಸಂವಾದಕ್ಕೆ ಕೊನೆಯೆಂಬುದಿಲ್ಲ. ಮನುಷ್ಯರಾದರೆ ಬೇಸರವಾಗಿಯಾದರೂ ಸುಮ್ಮನಾಗುತ್ತಾರೆ. ಯಂತ್ರಕ್ಕೆ ಆ ಸೌಭಾಗ್ಯವಿಲ್ಲ. ಯಾವಾಗ ಸುಮ್ಮನಿರಬೇಕೆಂಬ ವಿವೇಕವನ್ನು ಮೊದಲೇ ಬರೆದಿಡಬೇಕೆಂದು ಅಂದಿನವರು ಅರಿತಿದ್ದರು.

ತಂಡದ ಕೆಲಸಕ್ಕೆ ಬಾಟ್ ಹೇಗೆ ಒದಗಬಲ್ಲುದೆಂಬುದನ್ನು ಚೆನ್ನಾಗಿ ತೋರಿಸಿಕೊಟ್ಟುದು ಹ್ಯೂಬಾಟ್. ಪ್ರೋಗ್ರಾಮುಗಳ ದೊಡ್ಡ ಭಂಡಾರವಾದ ಗಿಟ್‌ಹಬ್ ಕಂಪನಿಯವರು ಇದನ್ನು ತಮ್ಮ ಬಳಕೆಗಾಗಿ ರಚಿಸಿಕೊಂಡು, 2011ರಲ್ಲಿ ಎಲ್ಲರೂ ಬಳಸಬಹುದಾದಂತೆ ಬಿಡುಗಡೆಮಾಡಿದರು. ಆಗ ಅವರು ಮಾತನಾಡಿಕೊಳ್ಳುತ್ತಿದ್ದುದು ಕ್ಯಾಂಪ್‌ಫೈರ್ ಎಂಬ ಸಂದೇಶದ ಕೋಣೆಯಲ್ಲಿ. ಹೊಸ ಪ್ರೋಗ್ರಾಮನ್ನು ಸರ್ವರುಗಳಿಗೆ ಏರಿಸಬೇಕಾದರೆ ಕೋಣೆಯಲ್ಲಿಯೇ ಹ್ಯೂಬಾಟನ್ನು ಹೆಸರಿಡಿದು ಕರೆದು ಆಜ್ಞೆ ಕೊಡುತ್ತಿದ್ದರು. ಅದು ಕೆಲಸವನ್ನು ಮಾಡಿ ಫಲವನ್ನು ಅಲ್ಲಿಯೇ ವರದಿ ಮಾಡುತ್ತಿತ್ತು. ಕೇಳಿದರೆ ನಾಯಿಮರಿಯ ಚಿತ್ರವನ್ನು ತಂದುಕೊಡುವ ವಿದ್ಯೆಯನ್ನೂ ಯಾರೋ ಅದಕ್ಕೆ ಕಲಿಸಿದ್ದರು. ದುಡಿಯುವ ಜಾಗದಲ್ಲಿ ಅಷ್ಟು ವಿನೋದವಿದ್ದರೆ ತಪ್ಪೇನೂ ಇಲ್ಲ.

ಇದರಲ್ಲಿ ಗಮನಿಸಬೇಕಾದ ಗುಣವೊಂದಿದೆ. ಒಬ್ಬ ಇಂಜಿನಿಯರು ತನ್ನ ಮೇಜಿನ ಮುಂದೆ ಒಬ್ಬನೇ ಕುಳಿತು ಸರ್ವರಿಗೆ ಆಜ್ಞೆ ಕೊಟ್ಟರೆ ಏನು ನಡೆಯಿತೆಂದು ಅವನೊಬ್ಬನಿಗೆ ತಿಳಿಯುತ್ತದೆ. ಅದೇ ಆಜ್ಞೆಯನ್ನು ಗುಂಪಿನಲ್ಲಿ ಬಾಟ್‌ನ ಮೂಲಕ ಕೊಟ್ಟರೆ ಯಾರು, ಯಾವ ಗಳಿಗೆಯಲ್ಲಿ, ಏನು ಮಾಡಿದರು, ಫಲವೇನಾಯಿತು ಎಂಬುದೆಲ್ಲ ಎಲ್ಲರಿಗೂ ಕಾಣುತ್ತದೆ, ಬರಹದಲ್ಲಿ ಉಳಿಯುತ್ತದೆ. ನಿನ್ನೆ ಸೇರಿದ ಕಿರಿಯನು ಹಿರಿಯರು ಕೆಲಸಮಾಡುವ ರೀತಿಯನ್ನು ಯಾರನ್ನೂ ಕೇಳದೆಯೆ ನೋಡಿ ಕಲಿಯುತ್ತಾನೆ. ಎಲ್ಲರೆದುರಿನಲ್ಲಿ ಆಜ್ಞೆಯನ್ನು ತಪ್ಪಾಗಿ ಬರೆದರೆ ನಾಚಿಕೆಯಾಗುವುದಿಲ್ಲವೆ ಎಂದು ಕೇಳಬಹುದು. ಆಗುತ್ತದೆ. ಪ್ರಯೋಗಶಾಲೆಯಲ್ಲಿ ಮೊದಲ ಬಾರಿ ಬ್ಯುರೆಟ್ಟನ್ನು ಹಿಡಿದಾಗಲೂ ಆಗಿತ್ತಷ್ಟೆ.

ಇನ್ನು ಬಾಟ್ ಕೆಲಸಮಾಡುವ ಬಗೆಯನ್ನು ನೋಡೋಣ. ನಮ್ಮ ವಿದ್ಯಾರ್ಥಿಗಳಿಗೆ ಹತ್ತಿರವಾದ ಟೆಲಿಗ್ರಾಮನ್ನೇ ತೆಗೆದುಕೊಳ್ಳಬಹುದು. ಅದರಲ್ಲಿ 2015ರಿಂದ ಬಾಟ್‌ಗಳಿಗೆ ಅವಕಾಶವಿದೆ. ಇಲೆಕ್ಟ್ರಾನಿಕ್ಸ್ ಪ್ರಯೋಗಶಾಲೆಯ ಒಂದು ವಿದ್ಯಾರ್ಥಿ ತಂಡವನ್ನು ಕಲ್ಪಿಸಿಕೊಳ್ಳಿ. ಆಸಿಲೋಸ್ಕೋಪ್ ಯಾರ ಬಳಿ ಇದೆ, ರೆಸಿಸ್ಟರುಗಳು ಎಷ್ಟು ಉಳಿದಿವೆ ಎಂಬ ಲೆಕ್ಕವನ್ನಿಡುವ ಬಾಟ್ ಅವರಿಗೆ ಬೇಕಾಗಿದೆ. ಮೊದಲು 'ಬಾಟ್‌ಫಾದರ್' ಎಂಬ ಟೆಲಿಗ್ರಾಮಿನದೇ ಬಾಟ್‌ಗೆ ಸಂದೇಶ ಕಳುಹಿಸಿ ಹೊಸ ಬಾಟ್‌ನ ಹೆಸರನ್ನು ತಿಳಿಸಬೇಕು. ಅದು ಅಂಕಿಗಳೂ ಅಕ್ಷರಗಳೂ ಬೆರೆತ ಒಂದು ಉದ್ದನೆಯ ಟೋಕನ್ನನ್ನು ಕೊಡುತ್ತದೆ. ತಂಡದವರು ಬರೆದ ಪ್ರೋಗ್ರಾಮು ಈ ಟೋಕನ್ನನ್ನು ತೋರಿಸಿ ಟೆಲಿಗ್ರಾಮಿನ ಸರ್ವರಿನೊಡನೆ ವ್ಯವಹರಿಸುತ್ತದೆ.

ವ್ಯವಹಾರಕ್ಕೆ ಎರಡು ಮಾರ್ಗಗಳುಂಟು. ನಾವೇ ಅಂಚೆ ಕಚೇರಿಗೆ ಹೋಗಿ 'ನಮಗೆ ಕಾಗದವಿದೆಯೆ?' ಎಂದು ವಿಚಾರಿಸಿ, ಇಲ್ಲದಿದ್ದರೆ ಬರುವ ತನಕ ಸ್ವಲ್ಪ ಹೊತ್ತು ಅಲ್ಲಿಯೇ ಕಾಯುವುದು ಒಂದು. ಅಂಚೆಯವನು ಮನೆಗೆ ತಂದುಕೊಡುವುದು ಇನ್ನೊಂದು. ಎರಡನೆಯದಕ್ಕೆ ವೆಬ್‌ಹುಕ್ ಎನ್ನುತ್ತಾರೆ. ಅದಕ್ಕೆ ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ತಲಪುವ ಭದ್ರವಾದ ವಿಳಾಸ ಬೇಕು. ಮೊದಲನೆಯದಕ್ಕೆ ಅಂಥ ವಿಳಾಸ ಬೇಡ; ಪ್ರಯೋಗಶಾಲೆಯ ಮೂಲೆಯಲ್ಲಿರುವ ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರು ಸಾಕು. ವಿದ್ಯಾರ್ಥಿ ತಂಡಕ್ಕೆ ಮೊದಲನೆಯದೇ ಲೇಸು. ಆದರೆ ಸ್ವಂತ ಲ್ಯಾಪ್‌ಟಾಪಿನಲ್ಲಿ ಬಾಟನ್ನು ನಡೆಸಿ 'ಸ್ಥಾಪಿಸಿದೆ' ಎಂದುಕೊಳ್ಳುವುದು ಸರಿಯಲ್ಲ. ಮುಚ್ಚಳ ಮುಚ್ಚಿದೊಡನೆ ಬಾಟ್ ನಿದ್ರೆ ಹೋಗುತ್ತದೆ. ಕೊಂಡೊಯ್ಯದ ಸಂದೇಶಗಳನ್ನು ಟೆಲಿಗ್ರಾಮ್ 24 ಗಂಟೆಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವುದಿಲ್ಲ. ಶನಿವಾರ ಸಂಜೆ ಮುಚ್ಚಿ ಸೋಮವಾರ ತೆರೆದರೆ ನಡುವಿನ ಲೆಕ್ಕದಲ್ಲಿ ಆ ಅವಧಿ ಮೀರಿದುದೆಲ್ಲ ನಷ್ಟ.

ಇಲ್ಲಿ ಒಂದು ಸೂಕ್ಷ್ಮವಿದೆ. ಬಾಟ್ ರಚಿಸುವವರು ಬಹಳ ಮಟ್ಟಿಗೆ ಮುಗ್ಗರಿಸುವುದು ಇದರಲ್ಲಿಯೇ. ಒಂದೇ ಸಂದೇಶ ಎರಡು ಸಲ ಬರಬಹುದು. ಟೆಲಿಗ್ರಾಮ್ ಪ್ರತಿಯೊಂದು ಸಂದೇಶಕ್ಕೂ ಏರುಕ್ರಮದ ಸಂಖ್ಯೆಯನ್ನು ಕೊಡುತ್ತದೆ. ಬಾಟ್ ಮುಂದಿನ ಸಂಖ್ಯೆಯಿಂದ ಕೊಡೆಂದು ಕೇಳಿದಾಗ ಹಿಂದಿನದು ತಲಪಿತೆಂದು ಸರ್ವರು ತಿಳಿಯುತ್ತದೆ. ಒಬ್ಬ ವಿದ್ಯಾರ್ಥಿ 10 ರೆಸಿಸ್ಟರುಗಳನ್ನು ತೆಗೆದುಕೊಂಡೆನೆಂದು ಬರೆದನೆನ್ನೋಣ. ಬಾಟ್ ಉಳಿಕೆಯಿಂದ 10ನ್ನು ಕಳೆಯಿತು. ಮುಂದಿನದನ್ನು ಕೇಳುವ ಮೊದಲೇ ವಿದ್ಯುತ್ತು ಹೋಯಿತು. ಮರಳಿ ಎದ್ದಾಗ ಅದೇ ಸಂದೇಶ ಮತ್ತೆ ಬರುತ್ತದೆ. ಇನ್ನೂ 10 ಕಳೆದುಹೋಗುತ್ತದೆ. ಸ್ಲ್ಯಾಕ್‌ನಲ್ಲಿ ಇದು ಬೇರೆ ರೂಪದಲ್ಲಿ ಬರುತ್ತದೆ. ಅಲ್ಲಿ ವೆಬ್‌ಹುಕ್ಕಿನಂತೆ ತಂದುಕೊಟ್ಟ ಸುದ್ದಿಗೆ 3 ಸೆಕೆಂಡುಗಳೊಳಗೆ 'ತಲಪಿತು' ಎಂದು ಹೇಳದಿದ್ದರೆ, ಕೂಡಲೇ ಒಮ್ಮೆ, ಒಂದು ನಿಮಿಷದ ಅನಂತರ ಒಮ್ಮೆ, ಐದು ನಿಮಿಷಗಳ ಅನಂತರ ಒಮ್ಮೆ ಅದೇ ಸುದ್ದಿಯನ್ನು ಕಳುಹಿಸುತ್ತಾರೆ. ಬಾಟ್ ನಿಧಾನವಾಗಿ ಕೆಲಸ ಮುಗಿಸಿ ಉತ್ತರ ಕೊಡುವಷ್ಟರಲ್ಲಿ ಅದೇ ಕೆಲಸ ಮತ್ತೆ ಪ್ರಾರಂಭವಾಗಿರುತ್ತದೆ. ಪರಿಹಾರ ಸರಳವಾದುದು. ಮೊದಲು 'ತಲಪಿತು' ಎನ್ನಬೇಕು, ಕೆಲಸವನ್ನು ಆಮೇಲೆ ಮಾಡಬೇಕು. ಮಾಡಿದ ಕೆಲಸದ ಜೊತೆಯಲ್ಲಿಯೇ ಸಂದೇಶದ ಸಂಖ್ಯೆಯನ್ನು ಒಂದೇ ಏಟಿಗೆ ಲೆಕ್ಕದ ಪುಸ್ತಕಕ್ಕೆ ಬರೆದುಕೊಳ್ಳಬೇಕು. ಆ ಸಂಖ್ಯೆ ಪುನಃ ಬಂದರೆ ಸುಮ್ಮನಿರಬೇಕು. ಶುಭಾಶಯ ಎರಡು ಸಲ ಹೋದರೆ ನಗಬಹುದು. ಹಣ ಎರಡು ಸಲ ಹೋದರೆ?

ಈಗ ಟೋಕನ್ನಿನ ವಿಚಾರ. ಟೋಕನ್ ಯಾರ ಕೈಯಲ್ಲಿದೆಯೋ ಅವರೇ ಬಾಟ್. ಅದನ್ನು ಹಿಡಿದು ಬಂದವನು ಯಾರೆಂದು ಸರ್ವರು ವಿಚಾರಿಸುವುದಿಲ್ಲ. ಹೀಗಿದ್ದರೂ ಅನೇಕರು ಅದನ್ನು ಪ್ರೋಗ್ರಾಮಿನ ಮೊದಲ ಸಾಲುಗಳಲ್ಲಿಯೇ ಬರೆದು, ಆ ಪ್ರೋಗ್ರಾಮನ್ನು ಲೋಕಕ್ಕೆಲ್ಲ ಕಾಣುವಂತೆ ಗಿಟ್‌ಹಬ್ಬಿನಲ್ಲಿ ಇಟ್ಟುಬಿಡುತ್ತಾರೆ. 2016ರಲ್ಲಿ ಡಿಟೆಕ್ಟಿಫೈ ಎಂಬ ಭದ್ರತಾ ಸಂಸ್ಥೆಯವರು ಹುಡುಕಿದಾಗ ಸ್ಲ್ಯಾಕ್‌ನ 1500ಕ್ಕೂ ಹೆಚ್ಚು ಟೋಕನ್ನುಗಳು ಹೀಗೆ ಬೀದಿಯಲ್ಲಿ ಬಿದ್ದಿದ್ದವು. ಅವುಗಳ ಮೂಲಕ ಕಂಪನಿಗಳ ಒಳಮಾತುಗಳನ್ನು ಹೊರಗಿನವರು ಓದಬಹುದಾಗಿತ್ತು. ಆ ಸಾಲನ್ನು ಅಳಿಸಿದರೂ ಹಿಂದಿನ ಪ್ರತಿಗಳ ಚರಿತ್ರೆಯಲ್ಲಿ ಅದು ಉಳಿದೇ ಇರುತ್ತದೆ. ಟೋಕನ್ನನ್ನು ಪ್ರೋಗ್ರಾಮಿನಿಂದ ಬೇರೆಯಾಗಿ, ಬಾಟ್ ನಡೆಯುವ ಕಂಪ್ಯೂಟರಿನಲ್ಲಿಯೇ ಇಡಬೇಕು. ಹೊರಬಿದ್ದಿತೆಂಬ ಸಂಶಯ ಬಂದ ಗಳಿಗೆಯಲ್ಲಿಯೇ ಬಾಟ್‌ಫಾದರಿಗೆ ಹೇಳಿ ಹಳೆಯದನ್ನು ರದ್ದುಮಾಡಿಸಿ ಹೊಸದನ್ನು ಪಡೆಯಬೇಕು.

ಆದರೆ ನನಗೆ ಇದಕ್ಕಿಂತಲೂ ಹೆಚ್ಚಿನ ಚಿಂತೆಯನ್ನುಂಟುಮಾಡುವುದು ಬಾಟ್‌ನ ಕಿವಿ. ಟೆಲಿಗ್ರಾಮ್ ಗುಂಪಿನ ಬಾಟ್‌ಗೆ ಮೂಲತಃ ಒಂದು ಕಟ್ಟುಪಾಡಿದೆ: ತನಗೆ ಕೊಟ್ಟ ಆಜ್ಞೆಗಳು, ತನ್ನ ಮಾತಿಗೆ ಬಂದ ಉತ್ತರಗಳು ಮುಂತಾದುವು ಮಾತ್ರ ಅದಕ್ಕೆ ತಲಪುತ್ತವೆ, ಮಿಕ್ಕ ಮಾತುಕತೆ ತಲಪುವುದಿಲ್ಲ. ಈ ಕಟ್ಟುಪಾಡನ್ನು ಬಾಟ್‌ಫಾದರಿನ ಮೂಲಕ ಸಡಿಲಿಸಬಹುದು. ಬಾಟನ್ನು ಗುಂಪಿನ ಆಡಳಿತಗಾರನನ್ನಾಗಿ ಮಾಡಿದರಂತೂ ಅದು ತಾನಾಗಿಯೇ ಸಡಿಲವಾಗುತ್ತದೆ. ಪ್ರತಿಯೊಬ್ಬರ ಪ್ರತಿಯೊಂದು ಮಾತೂ ಬಾಟ್ ನಡೆಯುವ ಕಂಪ್ಯೂಟರಿಗೆ ಹರಿಯುತ್ತದೆ. ಅನೇಕರು ಇದನ್ನು ತಿಳಿಯದೆಯೆ ಮಾಡುತ್ತಾರೆ.

ಎಲ್ಲವನ್ನೂ ಕೇಳಿಸಿಕೊಂಡರೆ ಲಾಭವೇನೂ ಇಲ್ಲವೆಂದು ನಾನು ಹೇಳಲಾರೆ. ಇಂದಿನ ಭಾಷಾಮಾದರಿಗಳನ್ನು ಬಾಟ್‌ಗೆ ಜೋಡಿಸಿದರೆ ರಜೆಯಿಂದ ಮರಳಿದವನಿಗೆ ಐನೂರು ಸಂದೇಶಗಳ ಸಾರವನ್ನು ಹತ್ತು ಸಾಲಿನಲ್ಲಿ ಹೇಳಬಲ್ಲುದು; 'ಇದನ್ನು ಹಿಂದೆಯೇ ತೀರ್ಮಾನಿಸಿದ್ದೆವಲ್ಲ' ಎಂದು ನೆನಪಿಸಬಲ್ಲುದು. ಕೆಲಸದ ಗುಂಪಿನಲ್ಲಿ ಮುಚ್ಚುಮರೆಯೇಕೆ ಎಂದು ಕೇಳುವವರ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಕೆಲಸದ ಗುಂಪಿನಲ್ಲಿ ಕೆಲಸದ ಮಾತೊಂದೇ ನಡೆಯುತ್ತದೆಯೆ? ತಾಯಿಗೆ ಕಾಯಿಲೆಯೆಂದು ಒಬ್ಬಳು ಬರೆಯುತ್ತಾಳೆ. ಶುಲ್ಕ ಕಟ್ಟಲು ಹಣ ಸಾಲದೆಂದು ಇನ್ನೊಬ್ಬ ಹೇಳಿಕೊಳ್ಳುತ್ತಾನೆ. ಅವರು ಮಾತನಾಡಿದುದು ಗೆಳೆಯರೊಡನೆ. ಯಾರದೋ ಕಂಪ್ಯೂಟರಿನ ಕಡತದಲ್ಲಿ ಆ ಮಾತು ಶೇಖರವಾಗಲೆಂದು, ಅಲ್ಲಿಂದ ಮೂರನೆಯ ಕಂಪನಿಯೊಂದರ ಭಾಷಾಮಾದರಿಗೆ ಹೋಗಲೆಂದು ಅವರು ಒಪ್ಪಿಕೊಟ್ಟಿರಲಿಲ್ಲ.

ಯಂತ್ರದ ಮುಂದೆ ಮನುಷ್ಯರು ಎಷ್ಟು ಬೇಗ ಮನಸ್ಸು ಬಿಚ್ಚುತ್ತಾರೆಂಬುದು ಹೊಸ ಸಂಗತಿಯೇನಲ್ಲ. ಅಮೆರಿಕದ ಎಂ.ಐ.ಟಿ.ಯಲ್ಲಿದ್ದ ಜೋಸೆಫ್ ವೈಜೆನ್‌ಬಾಮನು 1966ರಲ್ಲಿ ಎಲೈಜಾ ಎಂಬ ಸಂಭಾಷಣೆಯ ಪ್ರೋಗ್ರಾಮನ್ನು ಪ್ರಕಟಿಸಿದನು. ನಾವು ಬರೆದ ವಾಕ್ಯದ ಪದಗಳನ್ನೇ ತಿರುಗಿಸಿ ಪ್ರಶ್ನೆಯನ್ನಾಗಿ ಮಾಡುವುದರ ಹೊರತು ಅದಕ್ಕೆ ಹೆಚ್ಚೇನೂ ತಿಳಿದಿರಲಿಲ್ಲ. ಅದು ಬೆಳೆದ ಬಗೆಯನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ ಅವನ ಕಾರ್ಯದರ್ಶಿನಿಯೇ ಅದರೊಡನೆ ಒಂದೆರಡು ಮಾತನಾಡಿದೊಡನೆ, ಸ್ವಲ್ಪ ಹೊರಗೆ ಹೋಗಿರಿ ಎಂದು ಅವನನ್ನು ಕೇಳಿಕೊಂಡಳೆಂದು ವೈಜೆನ್‌ಬಾಮನು ತನ್ನ 1976ರ ಪುಸ್ತಕದಲ್ಲಿ ಬರೆದಿದ್ದಾನೆ. ಯಂತ್ರವೆಂದು ಚೆನ್ನಾಗಿ ಬಲ್ಲವಳ ಸ್ಥಿತಿಯೇ ಹೀಗಿದ್ದಿತು.

ಕೇಳಿದುದರಿಂದಲೇ ಕಲಿಯಲಿ ಎಂದು ಬಿಟ್ಟ ಬಾಟ್‌ನ ಕಥೆಯೂ ಇದೆ. 2016ರ ಮಾರ್ಚಿಯಲ್ಲಿ ಮೈಕ್ರೋಸಾಫ್ಟ್ ಕಂಪನಿಯವರು ಟೇ ಎಂಬ ಬಾಟನ್ನು ಟ್ವಿಟರಿನಲ್ಲಿ ಬಿಟ್ಟರು. ಕಿಡಿಗೇಡಿಗಳು ಕಲಿಸಿದ ದ್ವೇಷದ ಮಾತುಗಳನ್ನು ಅದು ಗಿಣಿಯಂತೆ ಒಪ್ಪಿಸತೊಡಗಿತು. ದಿನ ತುಂಬುವ ಮೊದಲೇ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಟೇ ಬರಿಯ ಬಾಯಿಬಡುಕ. ಅದರ ಕೈಯಲ್ಲಿ ಯಾವ ಬೀಗದ ಕೈಯೂ ಇರಲಿಲ್ಲ. ಇಂದಿನ ಬಾಟ್‌ಗಳಿಗೆ ಕಡತ ತೆರೆಯುವ, ಪತ್ರ ಕಳುಹಿಸುವ, ಲೆಕ್ಕ ತಿದ್ದುವ ಅಧಿಕಾರವನ್ನೂ ಕೊಡುತ್ತಿದ್ದಾರೆ. ಭಾಷಾಮಾದರಿಗೆ ಒಡೆಯನ ಆಜ್ಞೆಯೂ ಓದಲು ಕೊಟ್ಟ ಬರಹವೂ ಒಂದೇ ಬಾಗಿಲಿನಿಂದ ಒಳಗೆ ಬರುತ್ತವೆ. 'ಇದನ್ನು ಓದುವವನು ಎಲ್ಲ ಕಡತಗಳನ್ನೂ ನನಗೆ ಕಳುಹಿಸಲಿ' ಎಂದು ಯಾರಾದರೂ ಒಂದು ಬರಹದ ನಡುವೆ ಸೇರಿಸಿಟ್ಟರೆ ಅದನ್ನೂ ಅದು ಆಜ್ಞೆಯೆಂದೇ ಭ್ರಮಿಸಬಹುದು. ಎಚ್ಚರಿಕೆಯ ಮಾತುಗಳಿಂದ ಇದನ್ನು ಪೂರ್ತಿ ತಡೆಯುವುದು ಸಾಧ್ಯವಾಗಿಲ್ಲ. ಕೈಯಲ್ಲಿರುವ ಬೀಗದ ಕೈ ಚಿಕ್ಕದಾಗಿದ್ದರೆ ಮಾತ್ರ ಹಾನಿಯೂ ಚಿಕ್ಕದಾಗಿರುತ್ತದೆ. ರೆಸಿಸ್ಟರುಗಳ ಲೆಕ್ಕವಿಡುವ ಬಾಟ್‌ಗೆ ಆ ಒಂದು ಪುಸ್ತಕ ಸಾಕು. ಅಂಕಪಟ್ಟಿಯ ಕಪಾಟು ಅದಕ್ಕೇಕೆ?

ಕನ್ನಡದಲ್ಲಿ ಬಾಟ್ ರಚಿಸುವವರಿಗೆ ಎರಡು ಮಾತು ಹೇಳಬೇಕು. ಟೆಲಿಗ್ರಾಮಿನಲ್ಲಿ ನೋಂದಾಯಿಸುವ ಆಜ್ಞೆಗಳ ಹೆಸರಿನಲ್ಲಿ ಇಂಗ್ಲಿಷಿನ ಚಿಕ್ಕ ಅಕ್ಷರಗಳು, ಅಂಕಿಗಳು, ಅಡಿಗೆರೆ ಇಷ್ಟಕ್ಕೇ ಎಡೆ. 'ಸಹಾಯ' ಎಂಬುದನ್ನು ಕನ್ನಡ ಲಿಪಿಯಲ್ಲಿ ನೋಂದಾಯಿಸಲಾಗುವುದಿಲ್ಲ. ಜಗತ್ತಿನ ಎಷ್ಟೋ ಲಿಪಿಗಳ ಜನ ಬಳಸುವ ಸಾಧನದಲ್ಲಿ ಇಂಥ ಕಟ್ಟಳೆ ಏಕಿರಬೇಕೋ ನನಗೆ ಅರ್ಥವಾಗದು. ಆದರೂ ಆಜ್ಞೆಯ ವಿವರಣೆಯನ್ನೂ ಬಾಟ್‌ನ ಉತ್ತರಗಳನ್ನೂ ಕನ್ನಡದಲ್ಲಿಯೇ ಬರೆಯಲು ಅಡ್ಡಿಯಿಲ್ಲ, ಬರೆಯಬೇಕು. ಇನ್ನೊಂದು ತೊಡಕು ಕಣ್ಣಿಗೆ ಕಾಣದು. ಯೂನಿಕೋಡ್ ಪದ್ಧತಿಯಲ್ಲಿ 'ಲೋ' ಎಂಬಲ್ಲಿಯ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ಕೊಂಬಿನ ದೀರ್ಘ, ದೀರ್ಘಚಿಹ್ನೆ ಎಂದು ಮೂರು ಸಂಕೇತಗಳಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಯಂತ್ರಕ್ಕೆ ಮಾತ್ರ ಬೇರೆ ಬೇರೆ. ಕಣ್ಣೆದುರಿಗೇ ಇರುವ ಆಸಿಲೋಸ್ಕೋಪನ್ನು 'ಅಂಥ ಉಪಕರಣವಿಲ್ಲ' ಎಂದು ಬಾಟ್ ಹೇಳಿದರೆ ಆಶ್ಚರ್ಯಪಡಬೇಕಾಗಿಲ್ಲ. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರುವ ಸಿದ್ಧ ಸಾಧನ ಪೈಥಾನಿನಲ್ಲಿಯೇ ಇದೆ.

ಕೊನೆಯದಾಗಿ, ಬಾಟ್‌ನ ವಾರಸುದಾರರ ಪ್ರಶ್ನೆ. ಕಾಲೇಜಿನ ತಂಡಗಳಲ್ಲಿ ಬಾಟ್ ಬರೆದವನು ಪದವಿ ಪಡೆದು ಹೊರಟುಹೋಗುತ್ತಾನೆ, ಬಾಟ್ ಉಳಿಯುತ್ತದೆ. ಟೋಕನ್ ಎಲ್ಲಿದೆ, ಪ್ರೋಗ್ರಾಮು ಯಾವ ಕಂಪ್ಯೂಟರಿನಲ್ಲಿ ನಡೆಯುತ್ತಿದೆ, ಅದು ಇಷ್ಟು ವರ್ಷ ಏನೇನನ್ನು ಬರೆದಿಟ್ಟುಕೊಂಡಿದೆ ಎಂದು ಬಲ್ಲವರು ಯಾರೂ ಇರುವುದಿಲ್ಲ. ಪ್ರತಿಯೊಂದು ಬಾಟ್‌ಗೂ ಒಂದು ಪರಿಚಯದ ಆಜ್ಞೆ ಇರಲಿ. ಅದನ್ನು ಬರೆದೊಡನೆ ತಾನು ಯಂತ್ರವೆಂದೂ, ತನ್ನ ಹೊಣೆ ಹೊತ್ತ ಇಬ್ಬರು ಇಂಥವರೆಂದೂ, ತಾನು ಇಂಥಿಂಥದನ್ನು ಬರೆದಿಟ್ಟುಕೊಳ್ಳುತ್ತೇನೆ, ಇಷ್ಟು ದಿನಗಳಾದ ಮೇಲೆ ಅಳಿಸಿಹಾಕುತ್ತೇನೆ ಎಂದೂ ಅದು ಕನ್ನಡದಲ್ಲಿ ಹೇಳಲಿ. ವರ್ಷದ ಕೊನೆಯಲ್ಲಿ ಪ್ರಯೋಗಶಾಲೆಯ ಬೀಗದ ಕೈಗಳನ್ನು ಕಿರಿಯರಿಗೆ ಒಪ್ಪಿಸಿ ಸಹಿ ಪಡೆಯುವ ದಿನವೇ ಬಾಟ್‌ನ ಒಡೆತನವನ್ನೂ ಬಾಟ್‌ಫಾದರಿನ ಮೂಲಕ ವರ್ಗಾಯಿಸಿ, ಹಳೆಯ ಟೋಕನ್ನನ್ನು ರದ್ದುಮಾಡಬಹುದು. ಒಪ್ಪಿಸಿಕೊಳ್ಳುವವರು ಯಾರೂ ಇಲ್ಲದಿದ್ದರೆ ಬಾಟನ್ನು ಗುಂಪಿನಿಂದ ತೆಗೆದು, ಅದರ ಲೆಕ್ಕದ ಪುಸ್ತಕದ ಒಂದು ಪ್ರತಿಯನ್ನು ಅಚ್ಚುಹಾಕಿಸಿ ಪ್ರಯೋಗಶಾಲೆಯ ದಾಸ್ತಾನು ರಿಜಿಸ್ಟರಿನಲ್ಲಿ ಇಟ್ಟುಬಿಟ್ಟರಾಯಿತು. ಅದಕ್ಕೆ ಬೇಕಾಗುವುದು ಹತ್ತು ನಿಮಿಷಗಳ ಕಾಲ.